ಮೈಕ್ರೋಕಂಟ್ರೋಲರ್: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂದಿನ ಉತ್ತರಗಳಲ್ಲಿ ಮೂರು ಚಿಪ್‌ಗಳ ಹೆಸರು ಮತ್ತೆ ಮತ್ತೆ ಬರುತ್ತದೆ: ಆರ್ಡುಯಿನೊ ಉನೊ (ಆರ್3) ಬೋರ್ಡಿನ ಎಟಿಮೆಗಾ328ಪಿ, ವೈಫೈ ಇರುವ ಇಎಸ್‌ಪಿ32, ಮತ್ತು ರಾಸ್ಪ್‌ಬೆರಿ ಪೈ ಪಿಕೊದ ಆರ್‌ಪಿ2040. ಕಲಿಯಲು ಹೊರಟವರ ಕೈಗೆ ಮೊದಲು ಸಿಗುವುದು ಹೆಚ್ಚಾಗಿ ಇವೇ. ನಿಮ್ಮ ಬಳಿ ಬೇರೆ ಚಿಪ್ ಇದ್ದರೆ ಅಂಕಿಗಳು ಬದಲಾಗುತ್ತವೆ, ಲೆಕ್ಕ ಹಾಕುವ ಕ್ರಮ ಬದಲಾಗದು.

ಮೈಕ್ರೋಕಂಟ್ರೋಲರ್ ಅಂದರೆ ಪುಟ್ಟ ಕಂಪ್ಯೂಟರ್ ತಾನೆ?

ಹಾಗೆ ಹೇಳಬಹುದು, ಆದರೆ ಆ ಹೋಲಿಕೆ ಬೇಗ ದಾರಿ ತಪ್ಪಿಸುತ್ತದೆ. ಲ್ಯಾಪ್‌ಟಾಪಿನ ಪ್ರೊಸೆಸರ್ ಒಂದೇ ಇದ್ದರೆ ಏನೂ ಮಾಡಲಾರದು. ರ‍್ಯಾಮ್, ಡಿಸ್ಕ್, ಮದರ್‌ಬೋರ್ಡ್ ಎಲ್ಲ ಪಕ್ಕದಲ್ಲಿ ಬೇಕು. ಮೈಕ್ರೋಕಂಟ್ರೋಲರ್‌ನಲ್ಲಿ ಪ್ರೊಸೆಸರ್, ಪ್ರೋಗ್ರಾಂ ಉಳಿಯುವ ಜಾಗ, ರ‍್ಯಾಮ್, ಟೈಮರ್, ಹೊರಗಿನ ತಂತಿಗಳ ಜೊತೆ ವ್ಯವಹರಿಸುವ ಪಿನ್‌ಗಳು ಎಲ್ಲವೂ ಒಂದೇ ಚಿಪ್ಪಿನೊಳಗೆ ಇರುತ್ತವೆ. ಇದಕ್ಕೆ ಅಪವಾದಗಳಿವೆ. ಆರ್‌ಪಿ2040 ಒಳಗೆ ಫ್ಲ್ಯಾಶ್ ಇಲ್ಲ, ಪಿಕೊ ಬೋರ್ಡಿನ ಮೇಲೆ 2 ಎಂಬಿಯ ಫ್ಲ್ಯಾಶ್ ಚಿಪ್ ಬೇರೆಯೇ ಕೂತಿರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಂ ಇರುವುದಿಲ್ಲ. ವಿದ್ಯುತ್ ಕೊಟ್ಟ ಕೆಲವೇ ಮಿಲಿಸೆಕೆಂಡಿನಲ್ಲಿ ನಿಮ್ಮ ಪ್ರೋಗ್ರಾಂ ಓಡಲು ಶುರುವಾಗುತ್ತದೆ. ಶಟ್‌ಡೌನ್ ಎಂಬುದೇ ಇಲ್ಲ, ತಂತಿ ಕಿತ್ತರೆ ಮುಗಿಯಿತು. ಹೊಸದೇನೂ ಅಲ್ಲ ಇದು: ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್1000 ಮಾರುಕಟ್ಟೆಗೆ ಬಂದದ್ದು 1974ರಲ್ಲಿ, ಇಂಟೆಲ್‌ನ 8051 ಬಂದದ್ದು 1980ರಲ್ಲಿ. 8051ರ ವಿನ್ಯಾಸವನ್ನೇ ಹೊತ್ತ ಚಿಪ್‌ಗಳು ಇವತ್ತಿಗೂ ತಯಾರಾಗುತ್ತಿವೆ.

ಹೆಸರಿನ ಗೊಂದಲವೊಂದನ್ನು ಇಲ್ಲೇ ಬಿಡಿಸಿಬಿಡೋಣ. ರಾಸ್ಪ್‌ಬೆರಿ ಪೈ ಲಿನಕ್ಸ್ ಓಡಿಸುವ ಕಂಪ್ಯೂಟರ್, ರಾಸ್ಪ್‌ಬೆರಿ ಪೈ ಪಿಕೊ ಮೈಕ್ರೋಕಂಟ್ರೋಲರ್ ಬೋರ್ಡು. ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಓಡುವುದಿಲ್ಲ.

ಬೋರ್ಡು ಬೇರೆ, ಚಿಪ್ ಬೇರೆ ಅನ್ನುತ್ತಾರಲ್ಲ, ಏನದು?

ಉನೊ ಬೋರ್ಡಿನಲ್ಲಿ ನಿಜವಾದ ಮೈಕ್ರೋಕಂಟ್ರೋಲರ್ ಆ ಕಪ್ಪು ಚಿಪ್ ಒಂದೇ. ಉಳಿದದ್ದೆಲ್ಲ ಅದರ ಸೇವೆಗೆ ಇರುವ ಪರಿವಾರ: ವೋಲ್ಟೇಜ್ ರೆಗ್ಯುಲೇಟರ್, ಯುಎಸ್‌ಬಿಯನ್ನು ಸೀರಿಯಲ್‌ಗೆ (ಬಿಟ್‌ಗಳನ್ನು ಒಂದೊಂದಾಗಿ ಕಳಿಸುವ ಸರಳ ತಂತಿಗೆ) ಬದಲಿಸುವ ಚಿಪ್, ಗಡಿಯಾರದ ಕ್ರಿಸ್ಟಲ್, ರಿಸೆಟ್ ಬಟನ್, ಒಂದೆರಡು ಎಲ್‌ಇಡಿ.

ಎಟಿಮೆಗಾ328ಪಿ ಚಿಪ್ಪನ್ನು ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ತೂತಿನ ಹಲಗೆಯ) ಮೇಲೆ ಒಂಟಿಯಾಗಿ ಓಡಿಸಬೇಕಾದರೆ ಬೇಕಾಗುವುದು ಇಷ್ಟು: 16 ಮೆಗಾಹರ್ಟ್ಸ್ ಕ್ರಿಸ್ಟಲ್ ಒಂದು, ಅದರ ಎರಡೂ ಕಾಲಿನಿಂದ ಗ್ರೌಂಡಿಗೆ (0 ವೋಲ್ಟಿನ ತಂತಿಗೆ) 22 ಪಿಕೊಫ್ಯಾರಡ್ ಕೆಪಾಸಿಟರ್ ಒಂದೊಂದು, ರಿಸೆಟ್ ಪಿನ್ನಿನಿಂದ 5 ವೋಲ್ಟಿಗೆ 10 ಕಿಲೊಓಮ್ ರೆಸಿಸ್ಟರ್, ಮತ್ತು ವಿದ್ಯುತ್ ಪಿನ್‌ಗಳಿಗೂ ಗ್ರೌಂಡಿಗೂ ನಡುವೆ 100 ನ್ಯಾನೊಫ್ಯಾರಡ್ ಕೆಪಾಸಿಟರ್. ಈ ಕೊನೆಯದನ್ನು ಚಿಪ್ಪಿಗೆ ಆದಷ್ಟು ಅಂಟಿಕೊಂಡಂತೆ ಹಾಕಿ. ಒಂದು ಗೇಣು ತಂತಿಯ ಆಚೆ ಹಾಕಿದ ಕೆಪಾಸಿಟರ್ ಹೆಸರಿಗಷ್ಟೇ.

ಕಾರ್ಖಾನೆಯಿಂದ ಬಂದ ಹೊಸ ಚಿಪ್ ಹೊರಗಿನ ಕ್ರಿಸ್ಟಲ್ ಕಡೆ ತಿರುಗಿಯೂ ನೋಡುವುದಿಲ್ಲ. ಒಳಗಿನ 8 ಮೆಗಾಹರ್ಟ್ಸ್ ಗಡಿಯಾರವನ್ನು 8ರಿಂದ ಭಾಗಿಸಿ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ. 16 ಮೆಗಾಹರ್ಟ್ಸ್‌ಗೆಂದು ಕಂಪೈಲ್ ಮಾಡಿದ (ಚಿಪ್ಪಿನ ಭಾಷೆಗೆ ಬದಲಿಸಿದ) ಪ್ರೋಗ್ರಾಂ ಹಾಕಿದರೆ 1 ಸೆಕೆಂಡಿಗೆ ಮಿನುಗಬೇಕಾದ ಎಲ್‌ಇಡಿ 16 ಸೆಕೆಂಡಿಗೆ ಮಿನುಗುತ್ತದೆ, ಸೀರಿಯಲ್‌ನಲ್ಲಿ ಕಸ ಬರುತ್ತದೆ. ಚಿಪ್ ಹಾಳಾಗಿಲ್ಲ, ಫ್ಯೂಸ್ ಬಿಟ್‌ಗಳನ್ನು (ಯಾವ ಗಡಿಯಾರ ಎಂಬಂಥ ಮೂಲ ಸೆಟ್ಟಿಂಗ್‌ಗಳನ್ನು ಹಿಡಿದಿಡುವ ಒಳಗಿನ ಬಿಟ್‌ಗಳನ್ನು) ಬದಲಿಸಬೇಕು ಅಷ್ಟೆ.

ಯಾವುದರಿಂದ ಶುರು ಮಾಡಲಿ?

ಮಿನುಗುವ ದೀಪ, ಬಟನ್, ಸೆನ್ಸರ್, ಮೋಟಾರ್ ಇಷ್ಟನ್ನು ನೆಟ್ಟಗೆ ಕಲಿಯಬೇಕೆಂದರೆ ಉನೊ. ಅದರ ವೇಗ ಕಡಿಮೆ, ನೆನಪು ಕಡಿಮೆ, ಆದರೆ ತಪ್ಪನ್ನು ತಾಳಿಕೊಳ್ಳುವ ಗುಣ ಜಾಸ್ತಿ. ಅಂತರ್ಜಾಲಕ್ಕೆ ಜೋಡಿಸುವ ಕೆಲಸವಾದರೆ ಇಎಸ್‌ಪಿ32: ಎರಡು ಕೋರ್, 240 ಮೆಗಾಹರ್ಟ್ಸ್‌ವರೆಗೆ ವೇಗ, 520 ಕೆಬಿ ರ‍್ಯಾಮ್, ವೈಫೈ ಮತ್ತು ಬ್ಲೂಟೂತ್ ಚಿಪ್ಪಿನೊಳಗೇ ಇವೆ. ಪೈಥಾನ್ ಬಲ್ಲವರಿಗೆ 2021ರಲ್ಲಿ ಬಂದ ಪಿಕೊ ಹಿತವಾಗಿರುತ್ತದೆ. ಬೂಟ್‌ಸೆಲ್ ಬಟನ್ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚಿದರೆ ಪೆನ್‌ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ, ಫೈಲ್ ಎಳೆದು ಹಾಕಿದರೆ ಸಾಕು.

ಶಾಲೆಯ ಮಕ್ಕಳಿಗೆ ಮೈಕ್ರೋಬಿಟ್. 25 ಎಲ್‌ಇಡಿ, ಎರಡು ಬಟನ್, ಅಲುಗಾಟ ಅರಿಯುವ ಸೆನ್ಸರ್ ಎಲ್ಲ ಬೋರ್ಡಿನ ಮೇಲೇ ಇರುವುದರಿಂದ ಮೊದಲ ವಾರ ಒಂದು ತಂತಿಯನ್ನೂ ಮುಟ್ಟಬೇಕಿಲ್ಲ.

8 ಕಾಲಿನ ಎಟಿಟೈನಿ85 ಕಂಡು ಮರುಳಾಗುವವರು ಇದ್ದಾರೆ. ಚೆಂದದ ಚಿಪ್ ಹೌದು, ಆದರೆ 512 ಬೈಟ್ ರ‍್ಯಾಮ್ ಇಟ್ಟುಕೊಂಡು ಪಾಠ ಶುರು ಮಾಡುವುದು ಬೇಡ. ಎರಡನೆಯ ಪ್ರಾಜೆಕ್ಟಿಗೆ ಇರಲಿ.

ಫ್ಲ್ಯಾಶ್, ರ‍್ಯಾಮ್, ಈಪ್ರಾಮ್: ಮೂರು ಯಾಕೆ?

ಫ್ಲ್ಯಾಶ್‌ನಲ್ಲಿ ಪ್ರೋಗ್ರಾಂ ಕೂರುತ್ತದೆ. ಕರೆಂಟು ಹೋದರೂ ಉಳಿಯುತ್ತದೆ. ರ‍್ಯಾಮ್‌ನಲ್ಲಿ ಓಡುವಾಗಿನ ಲೆಕ್ಕಾಚಾರ. ಕರೆಂಟು ಹೋದರೆ ಅಳಿಸಿಹೋಗುತ್ತದೆ. ಈಪ್ರಾಮ್ ಸೆಟ್ಟಿಂಗ್‌ಗಳಂಥ ಚಿಕ್ಕ ಸಂಗತಿಗಳಿಗೆ. ಎಟಿಮೆಗಾ328ಪಿಯಲ್ಲಿ ಇವು ಕ್ರಮವಾಗಿ 32 ಕೆಬಿ, 2 ಕೆಬಿ, 1 ಕೆಬಿ.

ಮೊದಲು ಮುಗಿಯುವುದು ಹೆಚ್ಚಾಗಿ ರ‍್ಯಾಮ್. 128 ಅಡ್ಡ, 64 ಉದ್ದದ ಚಿಕ್ಕ ಒಎಲ್‌ಇಡಿ ಪರದೆಯನ್ನೇ ತೆಗೆದುಕೊಳ್ಳಿ. ಚುಕ್ಕಿಗೊಂದು ಬಿಟ್ ಅಂದರೆ 8192 ಬಿಟ್, ಅಂದರೆ 1024 ಬೈಟ್. ಪರದೆಯ ಚಿತ್ರವನ್ನು ನೆನಪಲ್ಲಿಟ್ಟುಕೊಳ್ಳುವ ಲೈಬ್ರರಿ ಹಾಕಿದ ಕ್ಷಣ ಉನೊದ ಅರ್ಧ ರ‍್ಯಾಮ್ ಹೋಯಿತು. ಅದರ ಮೇಲೆ ಎಸ್‌ಡಿ ಕಾರ್ಡಿನ ಲೈಬ್ರರಿ ಸೇರಿಸಿದರೆ ಅದಕ್ಕೆ ಇನ್ನೊಂದು 512 ಬೈಟಿನ ಬಫರ್. ಆಮೇಲೆ ನಿಮ್ಮ ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಅಪ್‌ಲೋಡ್ ಆಗುತ್ತದೆ, ಐದು ನಿಮಿಷ ಚೆನ್ನಾಗಿ ಓಡಿ ಸುಮ್ಮನೆ ನಿಂತುಬಿಡುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಒಂದು ಕಡೆಯಿಂದ ಬೆಳೆಯುವ ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಲೆಕ್ಕ ಕೂರುವ ಜಾಗ), ಇನ್ನೊಂದು ಕಡೆ ಕೂತ ವೇರಿಯಬಲ್‌ಗಳ ಮೇಲೆ ಬರೆದುಬಿಟ್ಟಿರುತ್ತದೆ. ಪ್ರಿಂಟ್ ಮಾಡುವ ಸ್ಥಿರ ವಾಕ್ಯಗಳನ್ನು ಆರ್ಡುಯಿನೊದ ಎಫ್ ಮ್ಯಾಕ್ರೋದೊಳಗೆ ಹಾಕಿದರೆ ಅವು ರ‍್ಯಾಮಿಗೆ ಬರದೆ ಫ್ಲ್ಯಾಶ್‌ನಲ್ಲೇ ಉಳಿಯುತ್ತವೆ. ಕಂಪೈಲ್ ಆದಾಗ ರ‍್ಯಾಮ್ 75 ಪ್ರತಿಶತ ದಾಟಿದೆ ಎಂದು ತೋರಿಸಿದರೆ ಅಲ್ಲೇ ನಿಂತು ಯೋಚಿಸಿ.

ಈಪ್ರಾಮ್ ಒಂದೊಂದು ಕೋಣೆಗೂ ಬರೆಯುವ ಮಿತಿ ಇದೆ, ಈ ಚಿಪ್ಪಿನಲ್ಲಿ 1,00,000 ಸಲ. ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಸೆಕೆಂಡಿಗೊಮ್ಮೆ ಒಂದೇ ಜಾಗಕ್ಕೆ ಬರೆದರೆ ಆ ಮಿತಿ 28 ಗಂಟೆಯೊಳಗೆ ಮುಗಿಯುತ್ತದೆ. ಅಲ್ಲಿರುವ ಅಂಕಿ ಬದಲಾಗಿದ್ದರೆ ಮಾತ್ರ ಬರೆಯುವ ಅಪ್‌ಡೇಟ್ ಫಂಕ್ಷನ್ ಬಳಸಿ. ಇಎಸ್‌ಪಿ32, ಆರ್‌ಪಿ2040ಗಳಲ್ಲಿ ನಿಜವಾದ ಈಪ್ರಾಮ್ ಇಲ್ಲ. ಲೈಬ್ರರಿಗಳು ಫ್ಲ್ಯಾಶ್‌ನ ಒಂದು ಭಾಗವನ್ನೇ ಹಾಗೆ ತೋರಿಸುತ್ತವೆ.

8 ಬಿಟ್, 32 ಬಿಟ್ ಅಂದರೆ ನನಗೇನು ವ್ಯತ್ಯಾಸ?

ವೇಗದ ಮಾತು ಬಿಡಿ, ಮೊದಲು ಕಚ್ಚುವುದು ಸಂಖ್ಯೆಯ ಗಾತ್ರ. ಉನೊದಲ್ಲಿ ಇಂಟ್ ಎಂದರೆ 16 ಬಿಟ್, 32,767ಕ್ಕಿಂತ ಮೇಲೆ ಹೋಗದು. ಒಂದು ನಿಮಿಷ ಎಂದು 60 ಗುಣಿಸು 1000 ಬರೆದರೆ ಉತ್ತರ 60,000 ಬರುವ ಬದಲು ಸುತ್ತಿಕೊಂಡು ಮೈನಸ್ 5,536 ಆಗುತ್ತದೆ. ಫಲಿತಾಂಶವನ್ನು ಲಾಂಗ್ ವೇರಿಯಬಲ್‌ಗೆ ಹಾಕಿದರೂ ತಪ್ಪು ಉಳಿಯುತ್ತದೆ, ಏಕೆಂದರೆ ಗುಣಾಕಾರ ನಡೆಯುವುದು 16 ಬಿಟ್‌ನಲ್ಲೇ. ಸಂಖ್ಯೆಯ ಕೊನೆಗೆ ಯುಎಲ್ ಅಕ್ಷರ ಸೇರಿಸಿದರೆ ಸರಿಹೋಗುತ್ತದೆ. ಅದೇ ಸಾಲು ಇಎಸ್‌ಪಿ32ನಲ್ಲಿ ತೊಂದರೆಯಿಲ್ಲದೆ ಓಡುತ್ತದೆ, ಹಾಗಾಗಿಯೇ ಒಂದರಿಂದ ಇನ್ನೊಂದಕ್ಕೆ ಕೋಡ್ ತಂದವರು ತಲೆಕೆಡಿಸಿಕೊಳ್ಳುತ್ತಾರೆ.

ಪಿನ್ನಿಗೆ ನೇರವಾಗಿ ಏನೇನು ಜೋಡಿಸಬಹುದು?

ಎಲ್‌ಇಡಿ, ಅದೂ ರೆಸಿಸ್ಟರ್ ಜೊತೆಗೆ. ಉನೊದ ಪಿನ್ ಒಂದರಿಂದ 20 ಮಿಲಿಆಂಪ್ ಆರಾಮವಾಗಿ ಎಳೆಯಬಹುದು. 40 ಎನ್ನುವುದು ಚಿಪ್ ಸಾಯದೆ ತಡೆಯುವ ಕಟ್ಟಕಡೆಯ ಗಡಿ, ಬಳಸುವ ಅಂಕಿಯಲ್ಲ. ಎಲ್ಲ ಪಿನ್ ಸೇರಿ ಚಿಪ್ಪಿನ ಗಡಿ 200 ಮಿಲಿಆಂಪ್. ಆರ್‌ಪಿ2040 ಇನ್ನೂ ನಾಜೂಕು: ಪಿನ್ನಿನ ಬಲವನ್ನು 2, 4, 8 ಅಥವಾ 12 ಮಿಲಿಆಂಪಿಗೆ ಹೊಂದಿಸಬಹುದು, ಎಲ್ಲ ಸೇರಿ 50ರ ಒಳಗಿರಬೇಕು.

ರೆಸಿಸ್ಟರ್ ಲೆಕ್ಕ ಸುಲಭ. 5 ವೋಲ್ಟಿನಿಂದ ಕೆಂಪು ಎಲ್‌ಇಡಿಯ ಸುಮಾರು 2 ವೋಲ್ಟ್ ಕಳೆದರೆ 3 ವೋಲ್ಟ್. 220 ಓಮ್ ಹಾಕಿದರೆ 13 ಮಿಲಿಆಂಪಿಗಿಂತ ತುಸು ಹೆಚ್ಚು ಹರಿಯುತ್ತದೆ, ಬೆಳಕು ಸಾಕಷ್ಟಾಯಿತು. ನೀಲಿ, ಬಿಳಿ ಎಲ್‌ಇಡಿಗಳಿಗೆ 3 ವೋಲ್ಟಿನ ಆಸುಪಾಸು ಬೇಕು, ಹಾಗಾಗಿ 3.3 ವೋಲ್ಟಿನ ಬೋರ್ಡಿನಲ್ಲಿ ಅವು ಮಂಕಾಗಿ ಕಾಣುತ್ತವೆ. ಅದು ನಿಮ್ಮ ತಪ್ಪಲ್ಲ.

ಮೋಟಾರ್ ಅಥವಾ ರಿಲೇ ಜೋಡಿಸಿದರೆ ಯಾಕೆ ಬೈಯುತ್ತಾರೆ?

ಚಿಪ್ ಸುಡುತ್ತದೆ, ಅದಕ್ಕೆ. 5 ವೋಲ್ಟಿನ ಸಾಮಾನ್ಯ ರಿಲೇಯ (ಸುರುಳಿಯ ಕಾಂತಶಕ್ತಿಯಿಂದ ಆನ್ ಆಫ್ ಆಗುವ ಸ್ವಿಚ್ಚಿನ) ಸುರುಳಿ 70 ಓಮ್ ಇರುತ್ತದೆ, ಅಂದರೆ 70 ಮಿಲಿಆಂಪ್ ಚಿಲ್ಲರೆ. ಪಿನ್ನಿನ ಕೊನೆಯ ಗಡಿಯ ಹೆಚ್ಚುಕಡಿಮೆ ಎರಡರಷ್ಟು.

ಪಿನ್ನಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡಲು ಮಧ್ಯೆ ಒಂದು ಟ್ರಾನ್ಸಿಸ್ಟರ್ ಬೇಕು. 2ಎನ್2222 ಸಾಕು. ಅದರ ಮೂರು ಕಾಲುಗಳಲ್ಲಿ ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ರಿಲೇ ಸುರುಳಿಯ ಒಂದು ತುದಿಗೆ, ಸುರುಳಿಯ ಇನ್ನೊಂದು ತುದಿ 5 ವೋಲ್ಟಿಗೆ. ಮೂರನೆಯ ಕಾಲಾದ ಬೇಸ್ ಒಂದು ರೆಸಿಸ್ಟರ್ ಮೂಲಕ ಚಿಪ್ಪಿನ ಪಿನ್ನಿಗೆ. ಎಷ್ಟು ಓಮ್? ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಲು ಹರಿಯುವ ಕರೆಂಟಿನ ಹತ್ತನೇ ಒಂದು ಭಾಗ ಬೇಸ್‌ಗೆ ಕೊಡಿ, ಅಂದರೆ 7 ಮಿಲಿಆಂಪ್. 5ರಿಂದ ಬೇಸ್‌ನ 0.7 ಕಳೆದು ಭಾಗಿಸಿದರೆ 614 ಓಮ್, ಸಾಮಾನ್ಯವಾಗಿ ಸಿಗುವ ಹತ್ತಿರದ ರೆಸಿಸ್ಟರ್ 560 ಓಮ್. ಎಲ್ಲೆಲ್ಲೂ ಕಾಣುವ 1 ಕಿಲೊಓಮ್ ಹಾಕಿದರೂ ಹೆಚ್ಚಿನ ಸಲ ನಡೆಯುತ್ತದೆ, ಆದರೆ ಟ್ರಾನ್ಸಿಸ್ಟರ್ ಅರೆಬರೆ ಆನ್ ಆಗಿ ಬಿಸಿಯಾಗಬಹುದು. 3.3 ವೋಲ್ಟಿನ ಪಿನ್ನಾದರೆ 330 ಓಮ್; ಆಗ ಪಿನ್ನಿನಿಂದ ಹರಿಯುವುದು 8 ಮಿಲಿಆಂಪಿನಷ್ಟು.

ಸುರುಳಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಲೇಬೇಕು, ಬೆಳ್ಳಿ ಪಟ್ಟೆಯಿರುವ ತುದಿ 5 ವೋಲ್ಟಿನ ಕಡೆಗೆ. ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟು ಟ್ರಾನ್ಸಿಸ್ಟರ್ ಮುಚ್ಚಿದೊಡನೆ ನಿಲ್ಲಲು ಒಪ್ಪುವುದಿಲ್ಲ. ದಾರಿಯಿಲ್ಲದಿದ್ದರೆ ಕಲೆಕ್ಟರ್ ಬದಿಯ ವೋಲ್ಟೇಜನ್ನು ಹತ್ತಾರು, ಕೆಲವೊಮ್ಮೆ ನೂರಾರು ವೋಲ್ಟಿಗೆ ಏರಿಸಿ ಟ್ರಾನ್ಸಿಸ್ಟರನ್ನು ಕೊರೆದುಕೊಂಡು ಹೋಗುತ್ತದೆ. ಡಯೋಡ್ ಅದಕ್ಕೊಂದು ಸುತ್ತುದಾರಿ. ಡಯೋಡ್ ತಿರುಗಿ ಬಿದ್ದಿದ್ದರೆ ರಿಲೇ ಒಮ್ಮೆಯೂ ಕಟ್ ಅನ್ನುವುದಿಲ್ಲ, ಡಯೋಡೋ ಟ್ರಾನ್ಸಿಸ್ಟರೋ ಕೈ ಸುಡುವಷ್ಟು ಬಿಸಿಯಾಗುತ್ತದೆ.

ದೊಡ್ಡ ಮೋಟಾರಿಗೆ ಮಾಸ್‌ಫೆಟ್ (ಗೇಟ್ ಎಂಬ ಕಾಲಿನ ವೋಲ್ಟೇಜಿನಿಂದ ತೆರೆಯುವ ಟ್ರಾನ್ಸಿಸ್ಟರ್) ಬಳಸುವಾಗ ಲಾಜಿಕ್ ಲೆವೆಲ್ ಎಂದು ಬರೆದದ್ದನ್ನೇ ಆರಿಸಿ. ಐಆರ್‌ಎಫ್520 ಪೂರ್ತಿ ತೆರೆಯಲು ಗೇಟಿಗೆ 10 ವೋಲ್ಟ್ ಕೇಳುತ್ತದೆ. ಐಆರ್‌ಎಲ್‌ಝಡ್44ಎನ್‌ಗೆ 5 ವೋಲ್ಟ್ ಸಾಕು. ಗೇಟಿನಿಂದ ಗ್ರೌಂಡಿಗೆ 10 ಕಿಲೊಓಮ್ ಹಾಕದಿದ್ದರೆ ಬೋರ್ಡು ಬೂಟ್ ಆಗುವ ಹೊತ್ತಿನಲ್ಲಿ ಮೋಟಾರ್ ಒಮ್ಮೆ ಜಿಗಿಯುತ್ತದೆ.

ಏನೂ ಜೋಡಿಸದ ಇನ್‌ಪುಟ್ ಪಿನ್ ತಾನಾಗಿ ಆನ್ ಆಫ್ ಆಗುತ್ತಿದೆ, ಯಾಕೆ?

ಅದು ತೇಲುತ್ತಿದೆ. ಇನ್‌ಪುಟ್ ಪಿನ್ನಿನೊಳಗೆ ಕರೆಂಟು ಹರಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಗಾಳಿಯಲ್ಲಿರುವ ವಿದ್ಯುತ್ ಗದ್ದಲವೂ ಅದನ್ನು ಎಳೆದಾಡಬಲ್ಲದು. ಪಿನ್ನಿಗೆ ಉದ್ದದ ತಂತಿ ಸಿಕ್ಕಿಸಿ ಅದರ ಹತ್ತಿರ ಕೈ ತಂದು ನೋಡಿ, ಮುಟ್ಟದಿದ್ದರೂ ಓದು ಬದಲಾಗುತ್ತದೆ.

ಬಟನ್ನಿನ ಒಂದು ಕಾಲು ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ ಜೋಡಿಸಿ, ಪಿನ್ನನ್ನು ಇನ್‌ಪುಟ್ ಪುಲ್‌ಅಪ್ ಎಂದು ಘೋಷಿಸಿ. ಒಳಗಿನ ರೆಸಿಸ್ಟರ್, ಉನೊದಲ್ಲಿ 20ರಿಂದ 50 ಕಿಲೊಓಮ್, ಅದನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಆಗ ಲೆಕ್ಕ ತಲೆಕೆಳಗು: ಒತ್ತದಿದ್ದಾಗ 1, ಒತ್ತಿದಾಗ 0. ಇಎಸ್‌ಪಿ32ರ 34ರಿಂದ 39ರವರೆಗಿನ ಪಿನ್‌ಗಳಲ್ಲಿ ಈ ಒಳಗಿನ ರೆಸಿಸ್ಟರೇ ಇಲ್ಲ. ಅವು ಇನ್‌ಪುಟ್ ಮಾತ್ರ, ಔಟ್‌ಪುಟ್ ಆಗಲಾರವು. ಅಲ್ಲಿ ಹೊರಗಿನಿಂದ 10 ಕಿಲೊಓಮ್ ಹಾಕಬೇಕು.

ನಾಲ್ಕು ಕಾಲಿನ ಚಿಕ್ಕ ಬಟನ್ನಿನಲ್ಲಿ ಎರಡೆರಡು ಕಾಲು ಒಳಗೇ ಸೇರಿರುತ್ತವೆ. ಯಾವಾಗಲೂ ಒತ್ತಿದಂತೆ ಓದುತ್ತಿದ್ದರೆ ಬಟನ್ನನ್ನು 90 ಡಿಗ್ರಿ ತಿರುಗಿಸಿ.

ಒಂದು ಸಲ ಒತ್ತಿದರೆ ಐದು ಸಲ ಎಣಿಸುತ್ತದೆ!

ಬಟನ್ನೊಳಗಿನ ಲೋಹದ ತಗಡು ಕೂತಕೂಡಲೇ ನೆಮ್ಮದಿಯಾಗುವುದಿಲ್ಲ, ಚೆಂಡಿನಂತೆ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ನಮ್ಮ ಬೆರಳಿಗೆ ಅದು ಒಂದೇ ಒತ್ತು. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್ಪಿಗೆ ಒಂದು ಮಿಲಿಸೆಕೆಂಡು ಅಂದರೆ 16,000 ಗಡಿಯಾರದ ಬಡಿತ. ಪ್ರತಿ ಪುಟಿತವನ್ನೂ ಅದು ಬೇರೆ ಒತ್ತು ಎಂದೇ ಎಣಿಸುತ್ತದೆ. ಪರಿಹಾರ: ಬದಲಾವಣೆ ಕಂಡ ಮೇಲೆ 20 ಮಿಲಿಸೆಕೆಂಡು ಬಿಟ್ಟು ಮತ್ತೊಮ್ಮೆ ಓದಿ, ಆಗಲೂ ಹಾಗೇ ಇದ್ದರೆ ಮಾತ್ರ ಎಣಿಸಿ.

5 ವೋಲ್ಟಿನ ಸೆನ್ಸರನ್ನು 3.3 ವೋಲ್ಟಿನ ಬೋರ್ಡಿಗೆ ಜೋಡಿಸಬಹುದೆ?

ಸೆನ್ಸರ್ ಕಡೆಯಿಂದ ಚಿಪ್ ಕಡೆಗೆ ಬರುವ ತಂತಿಯಲ್ಲಿ ವೋಲ್ಟೇಜ್ ಇಳಿಸದೆ ಜೋಡಿಸಬಾರದು. ಇಎಸ್‌ಪಿ32, ಆರ್‌ಪಿ2040 ಎರಡೂ 3.3 ವೋಲ್ಟಿನವು. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ಎಕೋದಿಂದ 1 ಕಿಲೊಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೊಓಮ್ ಹಾಕಿ ನಡುವಿನ ಬಿಂದುವನ್ನು ಚಿಪ್ಪಿಗೆ ಕೊಟ್ಟರೆ 3.33 ವೋಲ್ಟ್ ಸಿಗುತ್ತದೆ. ನೇರವಾಗಿ ಕೊಟ್ಟರೂ ನಡೆಯಿತು ಎಂದು ಹೇಳುವವರಿಗೆ ಕೊರತೆಯಿಲ್ಲ. ಕೆಲವು ದಿನ ನಡೆದು ಆಮೇಲೆ ಆ ಪಿನ್ ಮಾತ್ರ ಕೈಕೊಡುವುದೂ ಇದೆ.

ತಿರುವು ದಿಕ್ಕಿನಲ್ಲಿ, ಅಂದರೆ 3.3ರಿಂದ 5ಕ್ಕೆ, ಅಪಾಯವಿಲ್ಲ. ಅರ್ಥವಾಗುತ್ತದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಉನೊ 3 ವೋಲ್ಟಿಗಿಂತ ಮೇಲಿನದ್ದನ್ನು 1 ಎಂದು ಓದುತ್ತದೆ, ಹಾಗಾಗಿ ಪಾಸು. 5 ವೋಲ್ಟಿನಲ್ಲಿ ಓಡುವ ಡಬ್ಲ್ಯುಎಸ್2812 ಬಣ್ಣದ ಎಲ್‌ಇಡಿ ಸರಕ್ಕೆ 3.5 ವೋಲ್ಟ್ ಬೇಕು, ಹಾಗಾಗಿ ಒಮ್ಮೆ ಸರಿ, ಒಮ್ಮೆ ಹುಚ್ಚುಬಣ್ಣ.

ಅನಲಾಗ್ ಓದು ಸ್ಥಿರವಾಗಿ ನಿಲ್ಲುವುದಿಲ್ಲ, ಏನು ಮಾಡಲಿ?

ಮೊದಲು ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗ, ಏನು ಮಾಡುತ್ತದೆ ನೋಡಿ. ಉನೊದಲ್ಲಿ ಅದು 10 ಬಿಟ್‌ನದ್ದು: 0ಯಿಂದ 5 ವೋಲ್ಟನ್ನು 1024 ಮೆಟ್ಟಿಲು ಮಾಡುತ್ತದೆ, ಮೆಟ್ಟಿಲೊಂದಕ್ಕೆ 4.9 ಮಿಲಿವೋಲ್ಟ್. ಎಲ್‌ಎಂ35 ಉಷ್ಣತಾ ಸೆನ್ಸರ್ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವುದರಿಂದ ಓದು ಅರ್ಧರ್ಧ ಡಿಗ್ರಿ ನೆಗೆಯುತ್ತದೆ. ಅಳತೆಯ ಆಧಾರವನ್ನು ಒಳಗಿನ 1.1 ವೋಲ್ಟಿಗೆ ಬದಲಿಸಿದರೆ ಮೆಟ್ಟಿಲು 1.07 ಮಿಲಿವೋಲ್ಟಿಗೆ ಇಳಿಯುತ್ತದೆ, ಡಿಗ್ರಿಯ ಹತ್ತನೇ ಭಾಗದವರೆಗೆ ಕಾಣುತ್ತದೆ. 110 ಡಿಗ್ರಿಯವರೆಗೂ ಅಳೆಯಬಹುದು. ಹಣ ಖರ್ಚಿಲ್ಲದೆ ಸಿಗುವ ಐದು ಪಟ್ಟು ಸುಧಾರಣೆ ಇದು, ಆದರೂ ಬಳಸುವವರು ಕಡಿಮೆ. ಆ 1.1 ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಬದಲಾಗುತ್ತದೆ, ಬೋರ್ಡಿನ ಎರೆಫ್ (AREF) ಪಿನ್ನಿನಲ್ಲಿ ಮಲ್ಟಿಮೀಟರ್ ಇಟ್ಟು ಒಮ್ಮೆ ಅಳೆದು ಆ ಅಂಕಿಯನ್ನೇ ಕೋಡಿನಲ್ಲಿ ಹಾಕಿ.

ಆಧಾರ 5 ವೋಲ್ಟೇ ಆಗಿದ್ದರೆ, ಆ 5 ಯುಎಸ್‌ಬಿಯಿಂದ ಬಂದದ್ದು ಎಂಬುದು ನೆನಪಿರಲಿ. ಅದು 4.7 ಆಗಿದ್ದರೆ ನಿಮ್ಮ ಎಲ್ಲ ಲೆಕ್ಕವೂ 6 ಪ್ರತಿಶತ ತಪ್ಪು.

ಸೆನ್ಸರಿನ ಒಳರೋಧ 10 ಕಿಲೊಓಮ್ ದಾಟಿದ್ದರೆ ಎಡಿಸಿಯೊಳಗಿನ ಪುಟ್ಟ ಕೆಪಾಸಿಟರ್ ತುಂಬಲು ಸಮಯ ಸಾಲದು, ಹಿಂದಿನ ಪಿನ್ನಿನ ಓದು ಮುಂದಿನದಕ್ಕೆ ಅಂಟುತ್ತದೆ. ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೊಫ್ಯಾರಡ್ ಹಾಕಿ, 16 ಸಲ ಓದಿ ಸರಾಸರಿ ತೆಗೆಯಿರಿ.

ಇಎಸ್‌ಪಿ32ರ ಎಡಿಸಿ 12 ಬಿಟ್ ಎಂದು ಹಿಗ್ಗಬೇಡಿ. ಎರಡು ತುದಿಗಳಲ್ಲಿ ಅದರ ಗೆರೆ ಬಾಗುತ್ತದೆ, ಮೇಲಾಗಿ ವೈಫೈ ಆನ್ ಇದ್ದಾಗ ಎಡಿಸಿ2 ಎಂಬ ಎರಡನೆಯ ಎಡಿಸಿಗೆ ಸೇರಿದ ಪಿನ್‌ಗಳನ್ನು ಓದಲಾಗದು. ನಿಖರತೆ ಬೇಕಿದ್ದರೆ ಹೊರಗಿನ ಎಡಿಸಿ ಚಿಪ್ ಎಡಿಎಸ್1115 ಹಾಕಿ.

ಪಿಡಬ್ಲ್ಯುಎಂ ನಿಜವಾದ ಅನಲಾಗ್ ವೋಲ್ಟೇಜ್ ಕೊಡುತ್ತದೆಯೆ?

ಇಲ್ಲ. ಪಿನ್ನನ್ನು ಬೇಗ ಬೇಗ ಆನ್ ಆಫ್ ಮಾಡುತ್ತದೆ ಅಷ್ಟೆ. ಉನೊದಲ್ಲಿ ಸೆಕೆಂಡಿಗೆ 490 ಸಲ, 5 ಮತ್ತು 6ನೇ ಪಿನ್ನಿನಲ್ಲಿ 980 ಸಲ. ಕಣ್ಣು ಅದನ್ನು ಮಂದ ಬೆಳಕು ಎಂದು ಓದುತ್ತದೆ, ಮೋಟಾರ್ ನಿಧಾನ ವೇಗ ಎಂದು. ಮೋಟಾರ್ ಕುಂಯ್ ಎಂದು ಅಳುವುದು ಆ 490ರ ಸದ್ದೇ.

ಇದನ್ನು ಮಾಡುವುದು ಟೈಮರ್‌ಗಳು, ಉನೊದಲ್ಲಿ ಇರುವುದು ಮೂರೇ. ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಮೋಟಾರ್) ಲೈಬ್ರರಿ ಒಂದನ್ನು ಹಿಡಿದುಕೊಂಡರೆ 9 ಮತ್ತು 10ನೇ ಪಿನ್ನಿನ ಪಿಡಬ್ಲ್ಯುಎಂ ಸತ್ತಿತು. ಸದ್ದು ಹೊರಡಿಸುವ ಟೋನ್ ಫಂಕ್ಷನ್ ಬಳಸಿದರೆ 3 ಮತ್ತು 11ಕ್ಕೆ ಅಡ್ಡಿ. ನಿನ್ನೆ ಓಡುತ್ತಿದ್ದ ಎಲ್‌ಇಡಿ ಇವತ್ತು ಸರ್ವೋ ಸೇರಿಸಿದೊಡನೆ ಮಂಕಾಗುವುದನ್ನು ನಿಲ್ಲಿಸಿದ್ದರೆ ಕಾರಣ ಇದೇ.

ಯುಎಆರ್‌ಟಿ, ಐ-ಟು-ಸಿ, ಎಸ್‌ಪಿಐ: ಯಾವುದು ಯಾವಾಗ?

ಇವು ಚಿಪ್ಪೂ ಸೆನ್ಸರೂ ತಂತಿಯ ಮೇಲೆ ಮಾತಾಡುವ ಮೂರು ರೀತಿ. ಹೆಚ್ಚಿನ ಸಲ ಆಯ್ಕೆ ನಿಮ್ಮದಲ್ಲ, ಸೆನ್ಸರ್ ತಯಾರಿಸಿದವರದ್ದು.

ಯುಎಆರ್‌ಟಿ ಇಬ್ಬರ ನಡುವಿನ ಮಾತು. ಒಬ್ಬರ ಟಿಎಕ್ಸ್ (ಕಳಿಸುವ ಪಿನ್) ಇನ್ನೊಬ್ಬರ ಆರ್‌ಎಕ್ಸ್‌ಗೆ (ಪಡೆಯುವ ಪಿನ್ನಿಗೆ) ಹೋಗಬೇಕು, ಅಡ್ಡಡ್ಡ. ಬಾಡ್ ವೇಗ ಎರಡೂ ಕಡೆ ಒಂದೇ ಇರಬೇಕು. ವಿಚಿತ್ರ ಅಕ್ಷರಗಳು ಬರುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಒಂದು ಕಡೆ 9600, ಇನ್ನೊಂದು ಕಡೆ 1,15,200 ಇರುತ್ತದೆ.

ಐ-ಟು-ಸಿಯಲ್ಲಿ ಎರಡೇ ತಂತಿಗೆ ಹಲವು ಸೆನ್ಸರ್‌ಗಳು ಸಾಲಾಗಿ ಕೂರುತ್ತವೆ, ಪ್ರತಿಯೊಂದಕ್ಕೂ ತನ್ನದೇ ವಿಳಾಸ. ಯಾರೂ ತಂತಿಯನ್ನು ಮೇಲಕ್ಕೆ ಎಳೆಯುವುದಿಲ್ಲ, ಕೆಳಕ್ಕೆ ಮಾತ್ರ; ಮೇಲಕ್ಕೆ ಎಳೆಯಲು 4.7 ಕಿಲೊಓಮ್ ಪುಲ್‌ಅಪ್ ಬೇಕು. ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುತ್ತದೆ, ತೊಂದರೆ ಐದಾರು ಮಾಡ್ಯೂಲ್ ಸೇರಿದಾಗ. ಐದು ಪುಲ್‌ಅಪ್ ಸೇರಿದರೆ 940 ಓಮ್ ಆಗಿ ತಂತಿಯನ್ನು ಕೆಳಕ್ಕೆ ಎಳೆಯುವುದೇ ಕಷ್ಟವಾಗುತ್ತದೆ. ಮೊದಲು ಐ-ಟು-ಸಿ ಸ್ಕ್ಯಾನರ್ ಪ್ರೋಗ್ರಾಂ ಓಡಿಸಿ. ಅದಕ್ಕೆ ಸೆನ್ಸರ್ ಕಾಣದಿದ್ದರೆ ನಿಮ್ಮ ಕೋಡ್ ತಿದ್ದುತ್ತಾ ಕೂರುವುದು ವ್ಯರ್ಥ. ಒಎಲ್‌ಇಡಿ ಪರದೆಯ ಬೋರ್ಡಿನ ಮೇಲೆ ಹೆಕ್ಸ್ (16ರ ಎಣಿಕೆಯ) 78 ಎಂದು ಅಚ್ಚಾಗಿದ್ದು ಸ್ಕ್ಯಾನರ್ ಹೆಕ್ಸ್ 3ಸಿ ತೋರಿಸಿದರೆ ಗಾಬರಿ ಬೇಡ. ಎರಡೂ ಒಂದೇ ವಿಳಾಸ, ಓದುವ-ಬರೆಯುವ ಬಿಟ್ಟನ್ನು ಸೇರಿಸಿ ಬರೆದದ್ದು ಒಂದು, ಬಿಟ್ಟು ಬರೆದದ್ದು ಇನ್ನೊಂದು.

ಎಸ್‌ಪಿಐ ವೇಗದ್ದು. ಎಸ್‌ಡಿ ಕಾರ್ಡ್, ಬಣ್ಣದ ಪರದೆಗಳಿಗೆ ಅದೇ ಬೇಕು.

ಡಿಲೇ ಬಳಸಬಾರದು ಅನ್ನುತ್ತಾರೆ, ನಿಜವೆ?

ಡಿಲೇ ಅಂದರೆ ಹೇಳಿದಷ್ಟು ಹೊತ್ತು ಸುಮ್ಮನೆ ಕಾಯುವ ಫಂಕ್ಷನ್. ಒಂದೇ ಕೆಲಸವಿದ್ದರೆ ಬಳಸಿ. ಎರಡನೆಯ ಕೆಲಸ ಬಂದ ದಿನ ಬಿಡಿ, ಯಾಕೆಂದರೆ ಡಿಲೇ ಇರುವಷ್ಟು ಹೊತ್ತು ಬಟನ್ ಒತ್ತಿದ್ದು ಚಿಪ್ಪಿಗೆ ತಿಳಿಯದು. ಶುರುವಿನಿಂದ ಕಳೆದ ಮಿಲಿಸೆಕೆಂಡು ಎಣಿಸುವ ಮಿಲಿಸ್ ಫಂಕ್ಷನ್ ಕೊಡುವ ಸಮಯದಿಂದ ಹಿಂದೆ ಬರೆದಿಟ್ಟ ಸಮಯ ಕಳೆದು ನೋಡುವ ಕ್ರಮ ರೂಢಿಸಿಕೊಳ್ಳಿ. ಆ ಎಣಿಕೆ 49.7 ದಿನಕ್ಕೆ ಸೊನ್ನೆಗೆ ಮರಳುತ್ತದೆ. ಅನ್‌ಸೈನ್ಡ್ ಲಾಂಗ್‌ನಲ್ಲಿ ಇಟ್ಟು ಕಳೆದರೆ ಅದರಿಂದ ತೊಂದರೆಯಿಲ್ಲ. ಕೂಡಿಸಿ ಹೋಲಿಸಿದರೆ ಐವತ್ತನೇ ದಿನದ ಹೊತ್ತಿಗೆ ಉಪಕರಣ ಕೈಕೊಡುತ್ತದೆ.

ಇಂಟರಪ್ಟ್ (ಪಿನ್ ಬದಲಾದಂಥ ಹೊತ್ತಲ್ಲಿ ನಡೆಯುತ್ತಿರುವ ಕೆಲಸ ತಡೆದು ಓಡುವ ಫಂಕ್ಷನ್) ಬಳಸುವುದಾದರೆ ಅದರೊಳಗೆ ಪ್ರಿಂಟ್ ಬೇಡ, ಡಿಲೇ ಬೇಡ. ಒಂದು ಗುರುತು ಹಾಕಿ ಹೊರಬನ್ನಿ, ಆ ಗುರುತಿನ ವೇರಿಯಬಲ್ ವೊಲಟೈಲ್ (ಪ್ರತಿ ಸಲವೂ ನೆನಪಿನಿಂದಲೇ ಹೊಸದಾಗಿ ಓದಬೇಕಾದದ್ದು) ಆಗಿರಲಿ.

ಅಪ್‌ಲೋಡ್ ಆಗುತ್ತಿಲ್ಲ.

ಮೊದಲು ಕೇಬಲ್ ಬದಲಿಸಿ. ಚಾರ್ಜಿಗೆಂದೇ ಮಾಡಿದ ಯುಎಸ್‌ಬಿ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಏನೂ ಕಾಣುವುದಿಲ್ಲ. ಆಮೇಲೆ ಸಿಎಚ್340 (ಹಲವು ಬೋರ್ಡುಗಳ ಯುಎಸ್‌ಬಿ ಚಿಪ್) ಡ್ರೈವರ್, ಪೋರ್ಟ್, ಬೋರ್ಡಿನ ಹೆಸರು ನೋಡಿ. ಲಿನಕ್ಸ್‌ನಲ್ಲಿ ಅನುಮತಿ ಇಲ್ಲ ಎಂದರೆ ನಿಮ್ಮ ಬಳಕೆದಾರ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಬನ್ನಿ.

ಉನೊದಲ್ಲಿ ನಾಟ್ ಇನ್ ಸಿಂಕ್ ಎಂದು ಬಂದರೆ 0 ಮತ್ತು 1ನೇ ಪಿನ್ನಿಗೆ ಜೋಡಿಸಿದ್ದನ್ನು ಬಿಚ್ಚಿ, ಅಪ್‌ಲೋಡ್ ನಡೆಯುವುದೂ ಅದೇ ತಂತಿಗಳಲ್ಲಿ. ಇಎಸ್‌ಪಿ32 ಕನೆಕ್ಟಿಂಗ್ ಎಂದು ಚುಕ್ಕಿ ಹಾಕುತ್ತಾ ಕೂತರೆ ಬೂಟ್ ಬಟನ್ ಒತ್ತಿ ಹಿಡಿಯಿರಿ. ಅದರ 12ನೇ ಪಿನ್ನಿಗೆ ಬೂಟ್ ಸಮಯದಲ್ಲಿ ಹೊರಗಿನಿಂದ 3.3 ವೋಲ್ಟ್ ಬಂದರೆ ಫ್ಲ್ಯಾಶ್‌ಗೆ ತಪ್ಪು ವೋಲ್ಟೇಜ್ ಆಯ್ಕೆಯಾಗಿ ಬೋರ್ಡು ಏಳುವುದೇ ಇಲ್ಲ. 6ರಿಂದ 11ರವರೆಗಿನ ಪಿನ್‌ಗಳು ಫ್ಲ್ಯಾಶ್ ಚಿಪ್ಪಿನವು, ಅವನ್ನು ಮುಟ್ಟಬೇಡಿ.

ಚೆನ್ನಾಗಿ ಓಡುತ್ತಿರುವಾಗಲೇ ರಿಸೆಟ್ ಆಗುತ್ತದೆ. ಕೋಡಿನಲ್ಲಿ ಏನು ತಪ್ಪು?

ಕೋಡ್ ಆಮೇಲೆ ನೋಡೋಣ. ಮೊದಲು ವಿದ್ಯುತ್ತು. ವೈಫೈ ಕಳಿಸುವ ಕ್ಷಣದಲ್ಲಿ ಇಎಸ್‌ಪಿ32 240 ಮಿಲಿಆಂಪಿನವರೆಗೆ ಎಳೆಯುತ್ತದೆ. 500 ಮಿಲಿಆಂಪ್ ಕೊಡಬಲ್ಲ ಮೂಲ ಬೇಕು. ಸಣ್ಣ ಸರ್ವೋ ತಡೆದು ನಿಂತಾಗ ಅರ್ಧ ಆಂಪಿಯರ್ ದಾಟಬಹುದು. ತೆಳ್ಳಗಿನ ತಂತಿ, ಸಡಿಲ ಬ್ರೆಡ್‌ಬೋರ್ಡಿನ ಮೂಲಕ ಅಷ್ಟು ಕರೆಂಟು ಹೋಗುವಾಗ ಚಿಪ್ಪಿನ ಹತ್ತಿರ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಮಲ್ಟಿಮೀಟರ್ ನಿಧಾನವಾದ್ದರಿಂದ ಅದಕ್ಕೆ 5 ವೋಲ್ಟೇ ಕಾಣುತ್ತಿರುತ್ತದೆ. ಸೀರಿಯಲ್‌ನಲ್ಲಿ ಬ್ರೌನ್‌ಔಟ್ (ವೋಲ್ಟೇಜ್ ಕುಸಿತ) ಎಂಬ ಪದ ಕಂಡರೆ ಸಂಶಯವೇ ಬೇಡ.

ಸರ್ವೋ, ಮೋಟಾರ್‌ಗಳಿಗೆ ಬೇರೆ ವಿದ್ಯುತ್ ಕೊಡಿ, ಗ್ರೌಂಡ್ ಮಾತ್ರ ಎರಡಕ್ಕೂ ಒಂದೇ ಇರಲಿ. ಗ್ರೌಂಡ್ ಸೇರಿಸದಿದ್ದರೆ ಸರ್ವೋ ನಡುಗುತ್ತದೆಯೇ ಹೊರತು ಹೇಳಿದ ಕಡೆ ತಿರುಗುವುದಿಲ್ಲ. ವಿದ್ಯುತ್ ತಂತಿಗಳ ನಡುವೆ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಧನ ಋಣ ನೋಡಿಕೊಂಡು.

ಉದ್ದದ ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ವಿದ್ಯುತ್ ಸಾಲು ಕೆಲವೊಮ್ಮೆ ನಡುವೆ ತುಂಡಾಗಿರುತ್ತದೆ, ಬಣ್ಣದ ಗೆರೆ ಕಡಿದಿದೆಯೇ ನೋಡಿ. ಇನ್ನೊಂದು: ಸೆನ್ಸರಿನ ಜೊತೆ ಬಿಡಿಯಾಗಿ ಬಂದ ಪಿನ್ ಸಾಲನ್ನು ಬೆಸುಗೆ ಹಾಕದೆ ಸುಮ್ಮನೆ ತೂರಿಸಿಟ್ಟರೆ ಮುಟ್ಟಿದಾಗ ಓಡುತ್ತದೆ, ಬಿಟ್ಟಾಗ ನಿಲ್ಲುತ್ತದೆ.

ಬ್ಯಾಟರಿ ಎಷ್ಟು ದಿನ ಬರುತ್ತದೆ?

ಸರಾಸರಿ ಕರೆಂಟು ಕಂಡುಹಿಡಿಯಿರಿ. 10 ನಿಮಿಷಕ್ಕೊಮ್ಮೆ ಎದ್ದು 5 ಸೆಕೆಂಡು 100 ಮಿಲಿಆಂಪ್ ಎಳೆದು, ಉಳಿದ ಹೊತ್ತು 0.05 ಮಿಲಿಆಂಪಿನಲ್ಲಿ ಮಲಗುವ ಉಪಕರಣದ ಸರಾಸರಿ 0.88 ಮಿಲಿಆಂಪ್. 2000 ಮಿಲಿಆಂಪ್-ಗಂಟೆಯ ಬ್ಯಾಟರಿ ಲೆಕ್ಕದಲ್ಲಿ 94 ದಿನ. ಬ್ಯಾಟರಿ ಹಳತಾಗುವುದು, ಚಳಿ, ರೆಗ್ಯುಲೇಟರ್ ನಷ್ಟ ಸೇರಿಸಿ 60 ದಿನ ಎಂದುಕೊಳ್ಳಿ.

ಇಎಸ್‌ಪಿ32 ಡೀಪ್ ಸ್ಲೀಪ್‌ನಲ್ಲಿ 10 ಮೈಕ್ರೊಆಂಪ್ ಎಂದು ಡೇಟಾಶೀಟ್ ಹೇಳುವುದು ಚಿಪ್ಪಿನ ಮಾತು. ಬೋರ್ಡಿನ ಪವರ್ ಎಲ್‌ಇಡಿ, ಯುಎಸ್‌ಬಿ ಚಿಪ್, ಎಎಂಎಸ್1117 ರೆಗ್ಯುಲೇಟರ್ ಮಲಗುವುದಿಲ್ಲ. ಆ ರೆಗ್ಯುಲೇಟರ್ ಒಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ, ಅಂದರೆ ಮಲಗಿದ ಚಿಪ್ಪಿನ 500 ಪಟ್ಟು.

ಚೌಕದ 9 ವೋಲ್ಟ್ ಬ್ಯಾಟರಿ ಬೇಡವೇ ಬೇಡ. ಅದರಲ್ಲಿರುವುದು 500 ಮಿಲಿಆಂಪ್-ಗಂಟೆಯ ಆಸುಪಾಸು, ಅದರಲ್ಲೂ ನಾಲ್ಕು ವೋಲ್ಟನ್ನು ರೆಗ್ಯುಲೇಟರ್ ಶಾಖವಾಗಿ ಊದಿಬಿಡುತ್ತದೆ. ಸರ್ವೋ ಜೋಡಿಸಿದರೆ ಅರ್ಧ ಗಂಟೆಯೂ ನೆಚ್ಚಿಕೊಳ್ಳಲಾಗದು.

ಚಿಪ್ ಬಿಸಿಯಾಗಿತ್ತು. ಹಾಳಾಗಿದೆಯೇ ಹೇಗೆ ತಿಳಿಯುವುದು?

ಎಲ್ಲ ತಂತಿ ಬಿಚ್ಚಿ ಬರಿ ಬೋರ್ಡಿಗೆ ಯುಎಸ್‌ಬಿ ಕೊಡಿ. ಏನೂ ಜೋಡಿಸದಿದ್ದರೂ ಎಟಿಮೆಗಾ ಬಿಸಿಯಾದರೆ ಅದರ ಕಥೆ ಮುಗಿದಿದೆ. ತಣ್ಣಗಿದ್ದು ಕಂಪ್ಯೂಟರಿಗೆ ಪೋರ್ಟ್ ಕಂಡರೆ ಎಲ್‌ಇಡಿ ಮಿನುಗಿಸುವ ಬ್ಲಿಂಕ್ ಪ್ರೋಗ್ರಾಂ ಹಾಕಿ. ಬ್ಲಿಂಕ್ ಓಡಿದರೂ ಸಮಾಧಾನಪಡಬೇಡಿ; ಒಂದೆರಡು ಪಿನ್ ಮಾತ್ರ ಸತ್ತಿರುವುದು ಸಾಮಾನ್ಯ. ಪ್ರತಿ ಪಿನ್ನನ್ನೂ ಸರದಿಯಂತೆ 1 ಮತ್ತು 0 ಮಾಡುವ ಪ್ರೋಗ್ರಾಂ ಹಾಕಿ, 220 ಓಮ್ ಮತ್ತು ಎಲ್‌ಇಡಿಯನ್ನು ಒಂದೊಂದಕ್ಕೇ ಮುಟ್ಟಿಸುತ್ತಾ ಹೋಗಿ. ಆಮೇಲೆ ಎಲ್ಲವನ್ನೂ ಇನ್‌ಪುಟ್ ಪುಲ್‌ಅಪ್ ಮಾಡಿ, ಪ್ರತಿಯೊಂದೂ 1 ಎಂದು ಓದುತ್ತದೆಯೇ, ಗ್ರೌಂಡಿಗೆ ಮುಟ್ಟಿಸಿದಾಗ 0 ಆಗುತ್ತದೆಯೇ ನೋಡಿ. ಸತ್ತ ಪಿನ್ನಿನ ಪಕ್ಕ ಮಾರ್ಕರಿನಿಂದ ಒಂದು ಚುಕ್ಕಿ ಇಟ್ಟರೆ ಉಳಿದ ಪಿನ್‌ಗಳನ್ನು ಬಳಸಿಕೊಂಡು ಆ ಬೋರ್ಡನ್ನು ಇನ್ನೂ ಬಹಳ ಕಾಲ ಓಡಿಸಬಹುದು.